ಸೆಲ್ವಿಯ ಮಗು ಅತ್ತಾಗ

ನರ್ಸಮ್ಮ ಸೂಜಿ ಚುಚ್ಚಿದ್ದೇ ತಡ, ಮಗು ಎಸ್ಟೇಟಿನ ಕೂಲಿಯವರ ಇಡೀ ಲೈನಿಗೆ ಕೇಳುವಂತೆ ಕಿರುಚಿತು. ಅದರ ತಾಯಿ ಸೆಲ್ವಿ ಸೂಜಿ ನೋಡಲಾರದೆ ಮುಖ ತಿರುಗಿಸಿದ್ದರಿಂದ ಮಗುವಿನ ತೋಳು ಹಿಡಿದು ಕೂತಿದ್ದವಳು ನಾನು, ತೋಟದ ಲೆಕ್ಕ ಬರೆಯುವ ರೈಟರ ಹೆಂಡತಿ. ನನಗೆ ಕನಿಕರ ಬರಲಿಲ್ಲ, ಹೊಟ್ಟೆ ಉರಿಯಿತು.

ಹಿಂದಿನ ವರ್ಷ ದಡಾರ ಎದ್ದಾಗ, ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಹಾಸಿ ಮಲಗಿಸಿದ್ದ ನನ್ನ ಮಗಳು ಮತ್ತೆ ಏಳಲಿಲ್ಲ. ಆಗ ಲಸಿಕೆಯ ಜೀಪು ಬಾಳೂರಿನ ನಮ್ಮ ತೋಟದವರೆಗೆ ಬರುತ್ತಿರಲಿಲ್ಲ. ಲಂಕೆಯ ಗಲಾಟೆಗೆ ಓಡಿಬಂದು, ನಿರಾಶ್ರಿತರ ಕ್ಯಾಂಪಿನಲ್ಲಿದ್ದು, ಕಾಫಿ ಕೊಯ್ಲಿಗೆಂದು ಇಲ್ಲಿಗೆ ಬಂದವಳ ಮಗುವಿಗೆ ಸಿಕ್ಕಿದ್ದು ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಸಿಗಲಿಲ್ಲವಲ್ಲ.

“ಸುಮ್ಮನಿರಿಸು ಮಾರಾಯ್ತಿ, ತಲೆ ಸಿಡೀತದೆ” ಎಂದು ಗದರಿದೆ.

ಸೆಲ್ವಿ ಮಗುವನ್ನು ಎತ್ತಿಕೊಂಡಳು. “ಅಳ್ಲಿ ಅಕ್ಕಾ. ಕ್ಯಾಂಪಲ್ಲಿ ಇವಳ ಅಣ್ಣನಿಗೂ ದಡಾರ ಬಂತು. ಅವನಿಗೆ ಅಳೋಕೂ ಆಗ್ಲಿಲ್ಲ, ಹಾಗೇ ಹೋಗ್ಬಿಟ್ಟ.”

ಅದನ್ನು ಕೇಳಿ ನನ್ನ ಹೊಟ್ಟೆಕಿಚ್ಚು ಆರಿತು ಎಂದರೆ ಸುಳ್ಳಾದೀತು. ಅಂದು ಸೂಜಿಗೆ ಅತ್ತ ಆ ಹುಡುಗಿ ಈಗ ನಮ್ಮ ಮನೆಯ ಮುಂದೆಯೇ ಹಾದು ಶಾಲೆಗೆ ಹೋಗುತ್ತಾಳೆ. ನನ್ನವಳು ಇದ್ದಿದ್ದರೆ ಇವಳಿಗಿಂತ ತುಸು ಎತ್ತರ ಇರುತ್ತಿದ್ದಳೆಂದು ಉರಿಯುತ್ತಲೇ ನೋಡುತ್ತೇನೆ. ಒಂದು ದಿನ ಕಾಣದಿದ್ದರೆ ಮಾತ್ರ ಲೈನಿಗೇ ಹೋಗಿ, ಹುಡುಗಿ ಹುಷಾರಾಗಿದ್ದಾಳೆಯೇ ಎಂದು ಸೆಲ್ವಿಯನ್ನು ಕೇಳಿ ಬರುತ್ತೇನೆ.