ಇನ್ಸುಲಿನ್‌ ಮಾತು ಕೇಳದ ಮೈ

ನಾನು ಮದುವೆಯಾಗಿ ಕೊಣ್ಣೂರಿಗೆ ಬರುವ ಹೊತ್ತಿಗೆ ನಮ್ಮತ್ತೆಗೆ ಸಿಹಿಮೂತ್ರದ ಬ್ಯಾನಿ ಹತ್ತಿತ್ತು. ಐವತ್ತರ ದಶಕದ ಮಾತು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಸೊಸೆ ಎಂದು ಗೋಕಾಕದ ಡಾಕ್ಟರು ಸೂಜಿ ಚುಚ್ಚುವುದನ್ನೂ ಮೂತ್ರ ನೋಡುವುದನ್ನೂ ನನಗೇ ಕಲಿಸಿದರು. ಗಾಜಿನ ನಳಿಗೆಗೆ ನೀಲಿ ಔಷಧ ಹಾಕಿ, ಅದರಲ್ಲಿ ಒಂದಿಷ್ಟು ಹನಿ ಮೂತ್ರ ಬಿಟ್ಟು ಕುದಿಸಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಇಟ್ಟಂಗಿಯ ಕೆಂಪು ಬಣ್ಣ ಬಂತೆಂದರೆ ಬಹಳ.

ಅತ್ತೆಯದು ದಿನಾಲೂ ಇಟ್ಟಂಗಿ. ಡಾಕ್ಟರು ಇನ್ಸುಲಿನ್ ಏರಿಸುತ್ತ ಹೋದರು, ಬಣ್ಣ ಇಳಿಯಲಿಲ್ಲ. ನಮ್ಮದು ಕಬ್ಬಿನ ಮನೆ, ಗಾಣ ಹೂಡಿದಾಗ ಪಡಸಾಲೆಯ ತುಂಬ ಬೆಲ್ಲದ ಪೆಂಟಿ. ಅತ್ತೆ ಕದ್ದು ತಿನ್ನುತ್ತಾಳೆಂದು ಮಾವ ತಿಳಿದರು. ಬೆಲ್ಲವನ್ನೆಲ್ಲ ಒಳಕೋಣೆಗೆ ಸಾಗಿಸಿ, ಕೀಲಿ ಜಡಿದು, ಕೀಲಿಕೈ ಉಡಿದಾರಕ್ಕೆ ಕಟ್ಟಿಕೊಂಡರು. ಅತ್ತೆ ಜಗಳಾಡುವ ಹೆಂಗಸಲ್ಲ. ಊಟಕ್ಕೆ ಕೂತರೆ ರೊಟ್ಟಿ ಮುರಿಯಲೂ ಹಿಂಜರಿಯತೊಡಗಿದಳು. ಒಂದು ಮುಂಜಾನೆ ನಾನು ತೋಳಿಗೆ ಸೂಜಿ ಚುಚ್ಚುವಾಗ ಮೆಲ್ಲಗೆ ಕೇಳಿದಳು.

“ನೀನರ ನನ್ನ ನಂಬತೀ ಏನವಾ?”

“ನಂಬತೇನ್ರಿ ಅತ್ತಿ,” ಎಂದೆ. ದಿನವಿಡೀ ಅವಳ ಜೋಡಿಯೇ ಇರುತ್ತಿದ್ದ ನನಗೆ ಖರೇ ಏನೆಂದು ಗೊತ್ತಿತ್ತು.

ಮುಂದಿನ ಸಲ ಗೋಕಾಕಕ್ಕೆ ಹೋದಾಗ ಇದನ್ನೆಲ್ಲ ಡಾಕ್ಟರ ಕಿವಿಗೆ ಹಾಕಿದೆ. ಅವರು ಪುಣೆಯಲ್ಲಿ ಓದಿ ಬಂದವರು, ರಕ್ತವನ್ನೂ ದವಾಖಾನೆಯ ಒಳಕೋಣೆಯಲ್ಲಿ ತಾವೇ ಪರೀಕ್ಷೆ ಮಾಡುತ್ತಿದ್ದರು. ಅತ್ತೆಯನ್ನು ಉಪವಾಸ ಕರೆತರಬೇಕು, ಯಜಮಾನರೂ ಬರಬೇಕು ಎಂದರು.

ಆ ದಿನ ಮೊದಲು ರಕ್ತ ತೆಗೆದರು. ಆಮೇಲೆ ಇನ್ಸುಲಿನ್ ಚುಚ್ಚಿ, ಕೂಡಲೇ ದೊಡ್ಡ ಗ್ಲಾಸಿನ ತುಂಬ ಗ್ಲುಕೋಸ್ ನೀರು ಕೊಟ್ಟರು. ಎಷ್ಟೋ ತಿಂಗಳಿಂದ ಸಿಹಿ ಕಾಣದ ಅತ್ತೆ ಗ್ಲಾಸು ಹಿಡಿದು ಎದುರಿನ ಬಾಕಿನ ಮೇಲೆ ಕೂತಿದ್ದ ಮಾವನ ಕಡೆ ನೋಡಿದಳು.

“ಡಾಕ್ಟರೇ ಕೊಟ್ಟಾರ, ನೋಡ್ಕೋರಿ,” ಎಂದು ಹೇಳಿಯೇ ಕುಡಿದಳು. ಕಂಪೌಂಡರ್ ನಕ್ಕ. ಮಾವ ನೆಲ ನೋಡಿದರು.

ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಮತ್ತೆ ರಕ್ತ ತೆಗೆದರು. ಮಧ್ಯಾಹ್ನ ಡಾಕ್ಟರು ಮಾವನನ್ನು ಒಳಗೆ ಕರೆದು ಕೂರಿಸಿ ತಿಳಿಸಿ ಹೇಳಿದರು. ಇಷ್ಟು ಇನ್ಸುಲಿನ್ ಕೊಟ್ಟರೆ ಈ ಬ್ಯಾನಿಯ ಕೆಲವರಿಗೆ ಗ್ಲುಕೋಸ್ ಕುಡಿದರೂ ರಕ್ತದ ಸಕ್ಕರೆ ಹೆಚ್ಚು ಏರುವುದಿಲ್ಲ. ಇವರದು ತಮ್ಮ ಕಣ್ಣೆದುರೇ ಏರುತ್ತಲೇ ಹೋಯಿತು.

“ಇವರು ಕದ್ದು ತಿಂದಿಲ್ರಿ ಯಜಮಾನ್ರ. ಔಷಧದ ಮಾತು ಇವರ ಮೈ ಕೇಳವಲ್ದು. ತಪ್ಪು ಮೈಯಿಂದೈತಿ, ಇವರದಲ್ಲ.”

ಮಾವ ಮನೆಗೆ ಬಂದು ಕೈಕಾಲು ತೊಳೆದವರೇ ಕೀಲಿಕೈ ಬಿಚ್ಚಿ ಅತ್ತೆಯ ಕೈಯಲ್ಲಿಟ್ಟರು. ತಪ್ಪಾಯಿತು ಎನ್ನಲು ಆ ಕಾಲದ ಗಂಡಸಿಗೆ ಬಾಯಿ ಬರುತ್ತಿರಲಿಲ್ಲ. ಮರುದಿನ ನಾನು ಚಹಾ ಕೊಟ್ಟಾಗ, ಇನ್ನು ಮುಂದೆ ತನಗೂ ಸಕ್ಕರೆ ಹಾಕಬೇಡವೆಂದರು.

ಮೈಯ ಬೊಜ್ಜು ಕರಗಿದರೆ, ದಿನಾ ನಡೆದಾಡಿದರೆ ಔಷಧ ನಾಟೀತು ಎಂದು ಡಾಕ್ಟರು ಹೇಳಿದ್ದರು. ಅತ್ತೆಗೆ ಒಬ್ಬಳೇ ಹೋಗಲು ನಾಚಿಕೆ. ಹಾಗಾಗಿ ಸಂಜೆ ಇಬ್ಬರೂ ಹೊಳೆಯ ದಾರಿ ಹಿಡಿಯತೊಡಗಿದರು. ಗಂಡ ಹೆಂಡತಿ ಜೋಡಿಯಾಗಿ ತಿರುಗುವುದನ್ನು ಊರು ಕಂಡಿರಲಿಲ್ಲ. ಮೊದಮೊದಲು ಮಾವ ಮುಂದೆ, ಅತ್ತೆ ದೂರ ಹಿಂದೆ. ಕಟ್ಟೆಯ ಮೇಲಿನವರು ನಕ್ಕು ನಕ್ಕು ಸಾಕಾದ ಮೇಲೆ ಇಬ್ಬರೂ ಬಾಜೂ ಬಾಜೂ ನಡೆದರು.

ಮಳೆಗಾಲ ಕಳೆದು ಜೋಳ ಬಿತ್ತುವ ಹೊತ್ತಿಗೆ ಒಂದು ಮುಂಜಾನೆ ನಳಿಗೆ ಹಸಿರಾಯಿತು. ನಾನು ಕೂಗುವ ಮೊದಲೇ ಮಾವ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು. ನಳಿಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುಂದೆ ಇನ್ಸುಲಿನ್ನೂ ಇಳಿಯಿತು. ಅತ್ತೆ ಮೊಮ್ಮಕ್ಕಳನ್ನು ಸಾಲಿಗೆ ಕಳಿಸುವ ತನಕ ಗಟ್ಟಿಮುಟ್ಟಾಗಿಯೇ ಇದ್ದಳು.

ಆ ವರ್ಷಗಳಲ್ಲಿ ಮೂಡಲಗಿ, ಹುಕ್ಕೇರಿಯ ಬೀಗರಲ್ಲಿ ಯಾರಿಗೆ ಈ ಬ್ಯಾನಿ ಬಂದರೂ ಅವಳು ನನ್ನನ್ನು ಕರೆದುಕೊಂಡು ಬಸ್ಸು ಹತ್ತುತ್ತಿದ್ದಳು. ನಾನು ನಳಿಗೆ ಕುದಿಸಿ ತೋರಿಸುತ್ತಿದ್ದೆ. ಅವಳು ಮನೆಯವರನ್ನೆಲ್ಲ ಕೂರಿಸಿಕೊಂಡು, ಬ್ಯಾನಿ ಬಂದವರ ಮೇಲೆ ಸಂಶಯ ಪಡಬಾರದೆಂದು ಹೇಳುತ್ತಿದ್ದಳು.