ಸೌತೆಬಳ್ಳಿಗೆ ಸಂಬಂಧ ನೋಡಿದ ಬೇಸಿಗೆ

ನಮ್ಮ ಹೊಲದ ಮೇಲಿನ ತುದಿಯಲ್ಲಿ ಪಾಲಿಹೌಸ್ ಎದ್ದು ನಿಂತಾಗ ಅತ್ತೆ ಅದರೊಳಕ್ಕೆ ಕಾಲಿಡಲಿಲ್ಲ. ನಮ್ಮದು ತಮಿಳು ಸೀಮೆಗೆ ಸೇರಿದ ಊರಾದ್ದರಿಂದ ತೋಟಗಾರಿಕೆ ಆಫೀಸಿನವರು ಅದನ್ನು ‘ಪಸುಮೈ ಕುಡಿಲ್’ ಎಂದು, ಅಂದರೆ ಹಸಿರು ಗುಡಿಸಲೆಂದು, ತಮಿಳಿನಲ್ಲಿ ಕರೆಯುತ್ತಿದ್ದರು. ಊರಿನವರಿಗೆ ಅದು ಪ್ಲಾಸ್ಟಿಕ್ ಮನೆ. ಅತ್ತೆ ಮಾತ್ರ ಯಾವ ಹೆಸರನ್ನೂ ಹಿಡಿಯದೆ ‘ಆ ಕಡೆ’ ಅನ್ನುತ್ತಿದ್ದರು. ಆ ಕಡೆಗೆ ನೀರು ಬಿಟ್ಟೆಯಾ, ಆ ಕಡೆಯಿಂದ ಬಂದೆಯಾ, ಅಷ್ಟೇ. ಗಾಳಿ ಆಡದ ಜಾಗದಲ್ಲಿ ಗಿಡ ಬೆಳೆಯುವುದಿಲ್ಲ, ಬೇಯುತ್ತದೆ ಎಂಬುದು ಅವರ ನಂಬಿಕೆ.

ಪಾಲಿಹೌಸ್ ಮಾಡೋಣ ಎಂದು ಹಟ ಹಿಡಿದವಳು ನಾನು. ನಮ್ಮ ಈ ತಾಳವಾಡಿಯ ಬೆಟ್ಟದ ಮೇಲೆ ಬೇಸಿಗೆ ಕೆಳಗಿನ ಸತ್ಯಮಂಗಲದಷ್ಟು ಕಡುವಾಗಿರುವುದಿಲ್ಲ. ಆದರೂ ಆ ತಿಂಗಳುಗಳಲ್ಲಿ ಬಯಲಲ್ಲಿ ಬಳ್ಳಿತರಕಾರಿ ಹಾಕಿದರೆ ಬಿಸಿಲಿಗಿಷ್ಟು, ಕಾಡುಹಂದಿಗಿಷ್ಟು ಹೋಗಿ ನಮಗೆ ಉಳಿಯುವುದು ಬಳ್ಳಿ ಮಾತ್ರ. ಬೇಸಿಗೆಯಲ್ಲೇ ಸೌತೆಕಾಯಿ ಬೆಳೆದು, ಸೆಕೆಯಲ್ಲಿ ಬೇಯುವ ಕೆಳಗಿನವರಿಗೆ ಕಳಿಸಬೇಕು ಎಂದು ನನಗೆ ಆಸೆ. ನನ್ನ ಗಂಡ ಎರಡು ದಿನ ಯೋಚಿಸಿ ಒಪ್ಪಿದರು. ಬೀಜವನ್ನು ಅತ್ತೆಯ ಹತ್ತಿರವೇ ಕೇಳಿದೆ. ಅವರು ವರ್ಷವರ್ಷವೂ ಹೊಲಕ್ಕೆ ಹಾಕಲು ಎತ್ತಿಡುತ್ತಿದ್ದ ನಾಟಿ ಸೌತೆಬೀಜದ ಡಬ್ಬಿಯನ್ನು ಕೈಗಿಟ್ಟರು.

ಬಳ್ಳಿ ಚೆನ್ನಾಗಿಯೇ ಬಂತು. ಮೇಲಿನಿಂದ ಇಳಿಬಿಟ್ಟ ದಾರಕ್ಕೆ ಒಂದೊಂದನ್ನೂ ಸುತ್ತಿ ಹಬ್ಬಿಸಿದೆವು. ಬಿಸಿಲೇರಿದರೆ ನೆರಳಿನ ಪರದೆ ಎಳೆದು, ಮೇಲಿನ ಸಣ್ಣ ಕೊಳವೆಗಳಿಂದ ಹನಿನೀರು ಚಿಮ್ಮಿಸುತ್ತಿದ್ದೆವು. ಸುತ್ತಲೂ ಬಿಗಿದ ಸಣ್ಣ ಕಣ್ಣಿನ ಬಲೆಯ ಬಗ್ಗೆ ನನಗೆ ಬಹಳ ಹೆಮ್ಮೆ. ಒಂದು ನೊಣ ಕೂಡ ಒಳಗೆ ಬರಲಾರದು ಎಂದು ನೋಡಲು ಬಂದವರಿಗೆಲ್ಲ ಹೇಳಿದ್ದೆ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮನೆಯೆಲ್ಲ ಹಳದಿ ಹೂವು. ಫೋಟೋ ತೆಗೆದು ಚಾಮರಾಜನಗರದಲ್ಲಿರುವ ಅಕ್ಕನಿಗೆ ಕಳಿಸಿದೆ.

ಆಮೇಲೆ ಹೀಚು ಉದುರಲು ಶುರುವಾಯಿತು. ಕಿರುಬೆರಳಷ್ಟಾಗುವ ಮೊದಲೇ ಹಳದಿ ತಿರುಗಿ ಪಟ್ಟನೆ ಬೀಳುತ್ತಿತ್ತು. ನೀರು ಹೆಚ್ಚಿಸಿದೆ, ಕಡಿಮೆ ಮಾಡಿದೆ, ಬೇವಿನೆಣ್ಣೆ ಹೊಡೆದೆ. ನಿಲ್ಲಲಿಲ್ಲ. ಅತ್ತೆಗೆ ಕಾಣಬಾರದೆಂದು ಬಿದ್ದದ್ದನ್ನೆಲ್ಲ ಮಡಿಲಿಗೆ ತುಂಬಿಕೊಂಡು ಹೋಗಿ ಹಸುವಿನ ಮುಂದೆ ಹಾಕಿಬಿಡುತ್ತಿದ್ದೆ. ಅತ್ತೆಗೆ ಗೊತ್ತಾಗದೆ ಇರುತ್ತದೆಯೇ? ಮೂರನೆಯ ದಿನ ಮುದ್ದೆ ಬಡಿಸುತ್ತಾ, ಹಸು ಈಗೀಗ ಸೌತೆಯ ಹೀಚು ತಿಂದು ಗುಂಡಗಾಗುತ್ತಿದೆ ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು.

ಮಾರನೆಯ ದಿನ ಎಲೆಕೋಸಿನಲ್ಲಿ ಕಳೆ ತೆಗೆಯಲು ತಾಳಮಲೆಯಕ್ಕ ಬಂದರು. ಅವರ ಊರು ತಾಳಮಲೆಯಾದ್ದರಿಂದ ನಾವು ಅವರನ್ನು ಕರೆಯುವುದೇ ಹಾಗೆ. ಅತ್ತೆಯ ವಾರಿಗೆಯವರು. ಕಾಡಿನಲ್ಲಿ ಜೇನು ಇಳಿಸುವವರ ಮನೆಯಲ್ಲಿ ಹುಟ್ಟಿದವರು. ಅತ್ತೆಯೇ ಅವರನ್ನು ಆ ಕಡೆ ಹೋಗಿ ನೋಡಿ ಬರಲು ಹೇಳಿದರು. ಅಕ್ಕ ಒಳಗೆ ಬಂದು, ಬಳ್ಳಿಯನ್ನು ನೋಡುವ ಬದಲು ತಲೆ ವಾಲಿಸಿ ಕಿವಿಗೊಟ್ಟರು.

“ಇಷ್ಟು ಊವದೆ, ಒಂದು ಸದ್ದಾದ್ರೂ ಬ್ಯಾಡ್ವಾ?” ಎಂದರು. “ಒಂದು ಜೇನುಳನೂ ಇಲ್ವಲ್ಲವ್ವ. ಗಂಡೂವಿನ ಪುಡಿಯ ಎಣ್ಣೂವಿಗೆ ಯಾರು ತಂದಾಕಾರು?”

ನಾನು ನಾಚಿಕೆಯಿಂದ ಬಲೆಯ ಕಡೆ ನೋಡಿದೆ. ಪರಾಗಸ್ಪರ್ಶ ನಾನು ಶಾಲೆಯಲ್ಲಿ ಓದಿದ್ದೇ, ಪರೀಕ್ಷೆಯಲ್ಲಿ ಚಿತ್ರ ಬರೆದು ಗುರುತು ಮಾಡಿದ್ದೇ. ಇಲ್ಲಿ ನನ್ನ ಕೈಯಾರೆ ಜೇನಿಗೆ ಬಾಗಿಲು ಹಾಕಿದ್ದೆ. ಬಲೆ ತೆಗೆದುಬಿಡಲೇ ಎಂದು ಕೇಳಿದೆ. ತೆಗೆದರೆ ಬಿಳಿನೊಣ ಬಂದು ಬಳ್ಳಿಯನ್ನೇ ಹೀರುತ್ತದೆ ಎಂದು, ಜೊತೆಗೆ ಬಂದಿದ್ದ ನನ್ನ ಗಂಡ ಬೇಡವೆಂದರು. ಅಷ್ಟರಲ್ಲಿ ಅಕ್ಕ ಒಂದು ಗಂಡುಹೂವನ್ನು ಕಿತ್ತು, ಎಸಳು ಬಿಡಿಸಿ, ನಡುವಿನ ತಿರುಳನ್ನು ಹೆಣ್ಣುಹೂವಿನ ಬಾಯಿಗೆ ಮೆಲ್ಲಗೆ ತಾಕಿಸಿದರು. ಬುಡದಲ್ಲಿ ಪುಟ್ಟ ಸೌತೆಕಾಯಿಯ ಆಕಾರ ಇದ್ದರೆ ಅದು ಹೆಣ್ಣು, ಬರಿ ತೊಟ್ಟಿದ್ದರೆ ಗಂಡು ಎಂದು ತೋರಿಸಿದರು. ಹಿತ್ತಲಿನ ಸೋರೆಬಳ್ಳಿಗೆ ಅವರು ಹೀಗೆ ಮಾಡಿದ್ದರಂತೆ. ಇಬ್ಬರೂ ಸೇರಿ ಒಂದಿಪ್ಪತ್ತು ಹೂವಿಗೆ ತಾಕಿಸಿ, ಗುರುತಿಗೆ ಕೆಂಪು ನೂಲು ಕಟ್ಟಿದೆವು.

ಐದಾರು ದಿನದಲ್ಲಿ ನೂಲು ಕಟ್ಟಿದವು ಬಹುಪಾಲು ಊದಿಕೊಂಡವು. ಕಟ್ಟದವು ಎಂದಿನಂತೆ ಉದುರಿದವು. ನಾನು ಓಡಿಹೋಗಿ ಅತ್ತೆಗೆ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು ಎದ್ದರು. ಪಾಲಿಹೌಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಯಾರದೋ ಮನೆಗೆ ಹೊಸದಾಗಿ ಹೋದವರ ಹಾಗೆ ಬಗ್ಗಿ ಒಳಗೆ ಬಂದರು.

ಇಲ್ಲಿ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಸಂಬಂಧ ಕುದುರಿಸುವುದರಲ್ಲಿ ತಾಳವಾಡಿ ಸುತ್ತಮುತ್ತ ಅವರದು ಎತ್ತಿದ ಕೈ. ನನ್ನದನ್ನೂ ಕುದುರಿಸಿದವರು ಅವರೇ. ಹುಡುಗ ಹುಡುಗಿಯ ಬೆಡಗು ಕೇಳದೆ ಮಾತು ಮುಂದುವರಿಸುವವರಲ್ಲ. ಬೆಡಗೆಂದರೆ ಗೋತ್ರವಿದ್ದ ಹಾಗೆ, ನಮ್ಮಲ್ಲಿ ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ. ಗಂಡುಹೂವಿನ ವಿಷಯ ಕೇಳಿದ ಮೇಲೆ ಅವರು ಸುಮ್ಮನಿರಲಿಲ್ಲ. ಪಕ್ಕದ ಹೂವನ್ನೇ ಕಿತ್ತು ತಾಕಿಸಲು ಹೋದ ನನ್ನ ಕೈ ಹಿಡಿದರು.

“ಅದೇ ಬಳ್ಳೀದು ಬ್ಯಾಡ ಕಣವ್ವ. ಒಂದೇ ಬೆಡಗಾಯ್ತದೆ. ಆ ಸಾಲಿಂದ ತಕ್ಕ ಬಾ.”

ಪಕ್ಕದಲ್ಲಿದ್ದ ತಾಳಮಲೆಯಕ್ಕ ನಗಬಹುದು ಎಂದುಕೊಂಡೆ. ಅವರು ಗಂಭೀರವಾಗಿ ತಲೆಯಾಡಿಸಿದರು. “ನಮ್ಮಲ್ಲೂ ಒಂದೇ ಕುಲ್ದೋರು ಆಗಾಕಿಲ್ಲ ಕಣಕ್ಕ,” ಎಂದರು. ಅದೇ ಬಳ್ಳಿಯ ಹೂವಾದರೂ ಕಾಯಿ ಕಚ್ಚುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಆ ಸಾಲಿಗೇ ಹೋಗಿ ಹೂವು ಕಿತ್ತು ತಂದೆ.

ಆಮೇಲಿನ ದಿನಗಳು ನೆನೆದರೆ ಈಗಲೂ ನಗು ಬರುತ್ತದೆ. ಬೆಳಿಗ್ಗೆ ಹೂವು ಅರಳುವ ಹೊತ್ತಿಗೆ ಅತ್ತೆ ಹಣೆಗೆ ವಿಭೂತಿ ಹಚ್ಚಿ ಸಿದ್ಧ. ಒಂದು ಬಟ್ಟಲು ಗಂಡುಹೂವು ಹಿಡಿದು ಆ ಸಾಲಿನಿಂದ ಅಕ್ಕ, ಈ ಸಾಲಿನಿಂದ ಅತ್ತೆ. ಈ ಹೆಣ್ಣು ಸ್ವಲ್ಪ ಎತ್ತರ, ಇವಳಿಗೆ ಆ ಮೂಲೆಯವನೇ ಸರಿ ಎಂದು ಇಬ್ಬರ ಚರ್ಚೆ. ನಡುವೆ ನಿಜವಾದ ಹುಡುಗ ಹುಡುಗಿಯರ ಸಂಬಂಧದ ಮಾತೂ ಬರುತ್ತಿತ್ತು. ಎಷ್ಟೋ ಸಲ ಮಾತು ಬಳ್ಳಿಯದೋ ಮನುಷ್ಯರದೋ ತಿಳಿಯದೆ ನಾನು ಹೂಂಗುಟ್ಟಿದ್ದುಂಟು. ಬಿಸಿಲು ಏರಿ ಒಳಗೆ ಬೆವರು ಇಳಿಯತೊಡಗಿದಾಗ ಕೊಳವೆಯ ಹನಿ ಬಿಡುತ್ತಿದ್ದೆ. ಅತ್ತೆ ಮುಖ ಮೇಲೆತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

ಕಾಯಿ ಬಿಟ್ಟಿತು, ಅದೂ ಕುಕ್ಕೆ ಸಾಲದಷ್ಟು. ಮೊದಲ ಕುಯ್ಲನ್ನು ಸತ್ಯಮಂಗಲಕ್ಕೆ ಒಯ್ಯುವ ದಿನ ಅತ್ತೆ ತಾವೂ ಬರುವುದಾಗಿ ಗಾಡಿ ಹತ್ತಿದರು. ಘಾಟಿ ಇಳಿಯುವ ಮುನ್ನ ದಿಂಬಂನಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ, ಅಂಗಡಿಯವನಿಗೆ ನಾಲ್ಕು ಕಾಯಿ ಕೊಟ್ಟರು. ಅವನು ಸೀಳಿ ಉಪ್ಪು ಖಾರ ಸವರಿ ಕೊಟ್ಟ. ಈ ಬಿಸಿಲಲ್ಲಿ ಇಷ್ಟು ಎಳೆಯದು ಎಲ್ಲಿ ಸಿಕ್ಕಿತು ಎಂದು ತಮಿಳಿನಲ್ಲಿ ಕೇಳಿದ. ನನ್ನ ಸೊಸೆಯ ಪ್ಲಾಸ್ಟಿಕ್ ಮನೆಯದು ಎಂದು ಅತ್ತೆ ಅವನದೇ ಭಾಷೆಯಲ್ಲಿ ಹೇಳಿದರು. ಅವರ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು.

ಮುಂದಿನ ವರ್ಷ ತೋಟಗಾರಿಕೆ ಆಫೀಸಿನವರು, ಜೇನೂ ಬೇಡ, ಗಂಡುಹೂವೂ ಬೇಡ, ತಾನಾಗಿಯೇ ಕಾಯಿ ಕಚ್ಚುವ ಬೀಜ ಇದೆ, ಪಾಲಿಹೌಸಿಗೆ ಅದೇ ತಕ್ಕದ್ದು ಎಂದು ತಿಳಿಸಿದರು. ನನ್ನ ಗಂಡ ತಂದರು. ಅತ್ತೆ ಆ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿ, ಮದುವೆಯಿಲ್ಲದೆ ಮಕ್ಕಳೇ ಎಂದು ತಾಳಮಲೆಯಕ್ಕನ ಮುಖ ನೋಡಿದರು. ಇಬ್ಬರೂ ಸೆರಗು ಬಾಯಿಗಿಟ್ಟು ನಕ್ಕರು. ಈಗ ನಮ್ಮ ಸಾಲುಗಳಲ್ಲಿ ಹೆಚ್ಚಿನವು ಆ ಹೊಸ ಬೀಜದವೇ, ಇಳುವರಿಯೂ ಚೆನ್ನಾಗಿದೆ. ಆದರೆ ಕೊನೆಯ ಎರಡು ಸಾಲು ನಾಟಿ ಬೀಜಕ್ಕೆ ಬಿಟ್ಟಿದ್ದೇವೆ. ಬೇಸಿಗೆ ಬಂದರೆ ಬೆಳಿಗ್ಗೆ ಅಲ್ಲಿ ಆ ಇಬ್ಬರ ಮಾತು ಕೇಳಿಸುತ್ತದೆ. ಆ ಹೊತ್ತಿನಲ್ಲಿ ನಾನು ಅತ್ತ ಹೋದರೆ, ನನ್ನ ಕೈಗೂ ಒಂದು ಬಟ್ಟಲು ಕೊಡುತ್ತಾರೆ.