ಗೋಡೆ ತಟ್ಟುವ ಗೌರಕ್ಕ

ಗೌರಕ್ಕ ಯಾರ ಮನೆಗೆ ಹೋದರೂ ಮೊದಲು ಗೋಡೆ ತಟ್ಟುತ್ತಿದ್ದಳು. ಹಲಸು ಹಣ್ಣಾಗಿದೆಯೇ ಎಂದು ನೋಡುವವರಂತೆ ಬೆರಳ ಗೆಣ್ಣಿನಿಂದ ಎರಡು ಸಲ ಟಕಟಕ ಎನ್ನಿಸಿ, ತಲೆ ವಾರೆ ಮಾಡಿ ಆಲಿಸುತ್ತಿದ್ದಳು. ಕೇರಳದ ಗಡಿಯಲ್ಲಿರುವ ನಮ್ಮ ಪೆರಿಕಲ್ಲೂರಿನ ಮನೆಗಳಿಗೆ ಫೈಬರ್ ಇಂಟರ್‌ನೆಟ್ ಎಳೆದವಳು ಅವಳೇ. ಸ್ಕೂಟರಿಗೆ ಏಣಿ ಕಟ್ಟಿಕೊಂಡು ಬಂದಳೆಂದರೆ ಎದುರಿನ ಜೀಪುಗಳೇ ಪಕ್ಕಕ್ಕೆ ಸರಿಯುತ್ತಿದ್ದವು.

ನನಗೆ ಅವಳ ಪರಿಚಯವಾದದ್ದು ನನ್ನ ದಡ್ಡತನದಿಂದ. ಕನ್ನಡದ ರೋಗಿಗಳಿಗೂ ಮಲಯಾಳಂ ಡಾಕ್ಟರುಗಳಿಗೂ ನಡುವೆ ವಿಡಿಯೊ ಕರೆಯಲ್ಲಿ ಮಾತು ದಾಟಿಸುವುದು ನನ್ನ ಕೆಲಸ. ಮನೆಯ ಹಿಂದಿನ ಕೋಣೆಯೇ ಆಫೀಸು. ಒಂದು ದಿನ “ಗಡ್ಡೆ ಇದೆ ಅಜ್ಜಿ, ಆದರೆ…” ಎನ್ನುವಷ್ಟರಲ್ಲಿ ಕರೆ ನಿಂತುಹೋಯಿತು. ಕರೆ ಮತ್ತೆ ಸಿಕ್ಕಿ, ಹೆದರುವಂಥದ್ದಲ್ಲ ಎಂದು ನಾನು ಹೇಳುವವರೆಗೆ ಆ ಅಜ್ಜಿ ನಾಲ್ಕು ನಿಮಿಷ ಸೆರಗು ಹಿಡಿದುಕೊಂಡು ಕೂತಿದ್ದರಂತೆ. ನಾಚಿಕೆಯಾಗಿ, ಅತಿ ವೇಗದ ಸಾವಿರ ಎಂಬಿಯ ಪ್ಲಾನು ಹಾಕಿಸಿ, ಎಂಟು ಆಂಟೆನಾದ ರೂಟರ್ ತರಿಸಿದೆ. ಆದರೂ ಕರೆ ತಡವರಿಸುವುದು ನಿಲ್ಲಲಿಲ್ಲ. ಗೌರಕ್ಕನನ್ನು ಕರೆಸಿದೆ.

“ಇದೆಂತ ತಮ್ಮ, ಏಡಿ ಸಾಕಿದ್ಯಾ?” ಎಂದಳು ರೂಟರ್ ನೋಡಿ. ಗೋಡೆ ತಟ್ಟಿದಳು. “ಕಲ್ಲುಗೋಡೆ. ಇಂಥವು ಎರಡು ದಾಟೋ ಹೊತ್ತಿಗೆ ವೈಫೈಗೆ ಸುಸ್ತಾಗ್ತದೆ. ಎಂಟು ಕೊಂಬಿದ್ರೂ ವೆರುತೆ, ಎಂತ ಪ್ರಯೋಜನವೂ ಇಲ್ಲ.” ಆಮೇಲೆ ಫೈಬರ್ ಪೆಟ್ಟಿಗೆಯಿಂದ ರೂಟರಿಗೆ ನಾನೇ ಸಿಕ್ಕಿಸಿದ್ದ ಹಳೆಯ ವಯರನ್ನು ಕಿತ್ತು ತೋರಿಸಿದಳು. “ಇದರಲ್ಲಿ ನೂರು ಹೋಗ್ತದೆ, ಸಾವಿರ ಹೋಗಲ್ಲ.”

ಅವಳ ಚೀಲದಲ್ಲಿ ಮಾರಲೆಂದೇ ಇದ್ದ ಮೆಶ್ ಸೆಟ್ಟು ಕಾಣಿಸಿತು. ವೈಫೈ ಮನೆಯೆಲ್ಲ ಹರಡಲು ಕೋಣೆಗೊಂದರಂತೆ ಇಡುವ ಪುಟ್ಟ ಪೆಟ್ಟಿಗೆಗಳು. ಅದನ್ನೇ ಕೊಡು ಎಂದೆ.

“ಕೊಡಲ್ಲ. ನೀ ಕೂರೋದು ಒಂದೇ ಕುರ್ಚೀಲಿ. ಅಲ್ಲಿಗೆ ಒಂದು ಒಳ್ಳೆ ವಯರು ಎಳೀತೀನಿ. ಓಡಾಡೋ ಫೋನಿಗೆ ಎರಡು ಕೊಂಬಿನ ರೂಟರ್ ಸಾಕು. ಏಡೀನ ವಾಪಸ್ ಕಳಿಸು.”

ಹಾಗೇ ಮಾಡಿದೆ. ಅದೇ ಅಜ್ಜಿಯ ಮುಂದಿನ ಕರೆ ಮುಕ್ಕಾಲು ಗಂಟೆ ನಡೆಯಿತು. ಒಂದಕ್ಷರವೂ ಉದುರಲಿಲ್ಲ.

ಮೂರು ದಿನ ಬಿಟ್ಟು, ಕರೆಯದೆಯೇ ಬಂದು ಬಾಗಿಲಲ್ಲಿ ನಿಂತಳು. “ತಮ್ಮ, ನಂದೊಂದು ತಪ್ಪಾಗಿದೆ. ನಡುಮನೇಲಿ ರೂಟರ್‌ನ ಸ್ಟೀಲ್ ಬೀರು ಪಕ್ಕ ಇಟ್ಟುಬಿಟ್ಟೆ, ಅದು ಸಿಗ್ನಲ್ ತಡೀತದೆ. ಅಡಿಗೆಮನೇಲಿ ಫೋನ್ ನಿಂತು ನಿಂತು ಹೋಗ್ತಿರಬೇಕು.”

“ಅಯ್ಯೋ, ನನ್ನ ಫೋನಿಗೇ ವಯಸ್ಸಾಯ್ತು ಅಂದ್ಕೊಂಡಿದ್ದೆ!” ಎಂದಳು ನನ್ನ ಹೆಂಡತಿ. ಗೌರಕ್ಕ ಏಣಿ ಹತ್ತಿ ರೂಟರನ್ನು ಬಾಗಿಲ ಮೇಲಕ್ಕೆ ಸರಿಸಿ, ಚಹಾವನ್ನೂ ಕುಡಿಯದೆ ಹೋದಳು. ತಪ್ಪು ಮಾಡಿದ ಮನೆಯಲ್ಲಿ ಆ ದಿನ ಚಹಾ ಕುಡಿಯುವುದಿಲ್ಲವಂತೆ.

ಕೊನೆಯ ಸಲ ಅವಳನ್ನು ಕಂಡದ್ದು ಕಬಿನಿಯ ಕಡವಿನಲ್ಲಿ, ದೋಣಿ ಕಾಯುತ್ತಿದ್ದಾಗ. ಆಚೆ ದಡದ ಕರ್ನಾಟಕದ ಹಳ್ಳಿಗಳಿಗೆ ಆಗಷ್ಟೇ ಫೈಬರ್ ಬಂದಿತ್ತು. ಅಲ್ಲಿ ತನ್ನದೇ ಅಂಗಡಿ ಇಡಲು ಹೊರಟಿದ್ದಳು. ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಕೈಗಿತ್ತಳು.

“ಬೋರ್ಡಿಗೆ ನನ್ನ ಹೆಸರು ಕನ್ನಡದಲ್ಲಿ ಬರೆದುಕೊಡು ತಮ್ಮ. ನಾ ಕಲ್ತಿದ್ದೆಲ್ಲ ಮಲಯಾಳಂ ಸ್ಕೂಲಲ್ಲಿ. ಮಾತು ಬರ್ತದೆ, ಅಕ್ಷರ ಬರಲ್ಲ.”

ದೊಡ್ಡದಾಗಿ ‘ಗೌರಕ್ಕ’ ಎಂದು ಬರೆದುಕೊಟ್ಟೆ. ಅವಳು ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

“ಇದು ನಾನಾ?”

“ನೀನೇ, ಅಕ್ಕ.”

“ಚೆಂದ ಇದೀನಿ” ಎಂದು ನಕ್ಕು ದೋಣಿ ಹತ್ತಿದಳು. ನಡುಹೊಳೆ ತಲುಪಿದರೂ ಪುಸ್ತಕದಿಂದ ತಲೆ ಎತ್ತಲಿಲ್ಲ.